ಕಿರುಬೆರಳಿಗೊಂದು ರಂಧ್ರ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಹೊತ್ತುಹೊತ್ತಿಗೂ ಫೋನ್ ಮಾಡುವ ಮಗಳು ಇದೇನು ಕಾಗದ ಬರೆದಿದ್ದಾಳೆ ಎಂದು ನಿನ್ನ ಎದೆ ಧಸಕ್ಕೆಂದಿರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಮಗು ಚೆನ್ನಾಗಿದೆ. ಈಗಷ್ಟೇ ಹಾಲು ಕುಡಿದು ನನ್ನ ತೊಡೆಯ ಮೇಲೆ ಮಲಗಿದೆ. ಕಾಗದದ ಅಡಿಗೊಂದು ತಟ್ಟೆ ಇಟ್ಟುಕೊಂಡು ಮಗುವಿನ ತಲೆಯ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಸಾಲು ಓರೆಯಾಗಿದ್ದರೆ ನಿನ್ನ ಮೊಮ್ಮಗಳನ್ನು ಬೈಯಿ, ನನ್ನನ್ನಲ್ಲ.

ಫೋನಿನಲ್ಲಿ ಹೇಳಲು ನೋಡಿದೆ. ನಾನು "ಅಮ್ಮಾ, ಆ ಕ್ಲಾರಿನೆಟ್..." ಅನ್ನುವುದೇ ತಡ, ನೀನು "ಮಗು ಅಳ್ತಿದೆ ನೋಡು, ಇಡು ಫೋನು" ಅನ್ನುತ್ತೀ. ಇಲ್ಲಿ ಮಗು ತನ್ನ ಕಾಲ್ಬೆರಳು ಹಿಡಿದುಕೊಂಡು ನಗುತ್ತಿರುತ್ತದೆ. ಅಲ್ಲಿ ಕೂತು ನಿನಗೆ ಯಾವ ಅಳು ಕೇಳಿಸುತ್ತದೋ ನನಗೆ ತಿಳಿಯದು. ಕಾಗದವನ್ನಾದರೆ ನೀನು ಮಧ್ಯದಲ್ಲಿ ಕತ್ತರಿಸಲಾರೆ. ಬಟ್ಟೆಯನ್ನೇ ಆಗಲಿ, ಪೂರ್ತಿ ಹರಡಿ ನೋಡದೆ ಕತ್ತರಿ ಹಾಕಿದವಳಲ್ಲ ನೀನು.

ಸೋಮವಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ವಾದ್ಯ ರಿಪೇರಿಯವರು, ನಾನು ಭೂತಗನ್ನಡಿ ಮೇಡಂ ಅನ್ನುವವರು, ಆ ಕ್ಲಾರಿನೆಟ್‌ನ ಮರವನ್ನು ಕೊರೆಯುತ್ತಾರೆ. ಬೇಡ ಎನ್ನುವ ಹಕ್ಕು ನನಗಿಲ್ಲ. ಅಪ್ಪ ಹೋದ ಮೇಲೆ ಅದು ನಿನ್ನದು, ಕೊರೆಯಿರಿ ಎಂದು ಹೇಳಿದವಳೂ ನೀನೇ. ಇವತ್ತು ಕೊಟ್ಟರೆ ಕಾಗದ ನಾಳೆ ನಿನ್ನ ಕೈಸೇರುತ್ತದೆ ಎಂದು ಕೊರಿಯರ್ ಅಂಗಡಿಯವರು ಹೇಳಿದ್ದಾರೆ. ಪೂರ್ತಿ ಓದು. ಆಮೇಲೆ ನಿನ್ನಿಷ್ಟ.

ನೀನು ಮಗುವನ್ನು ನೋಡಲು ಬಂದ ದಿನ ಆ ಪೆಟ್ಟಿಗೆಯನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ ತಂದಿದ್ದೆ. ಒಳಗೂ ತರಲಿಲ್ಲ, ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲೇ ಇಟ್ಟೆ. "ನಿಮ್ಮಪ್ಪನ ತಾತನದು. ನಿಮ್ಮೂರಲ್ಲಿ ಇಂಥವಕ್ಕೆ ಬೆಲೆ ಕಟ್ಟೋರು ಇರ್ತಾರೆ. ಎಷ್ಟು ಬಂದ್ರೆ ಅಷ್ಟಕ್ಕೆ ಮಾರ್ಬಿಡು. ಮಗು ಇರೋ ಮನೇಲಿ ಇದೆಲ್ಲ ಬೇಡ" ಅಂದೆ. ಮರದ ಕೊಳವೆಗೂ ಮಗುವಿಗೂ ಏನು ಜಗಳ ಎಂದು ನಾನು ಕೇಳಲಿಲ್ಲ. ಆಗ ನನಗೆ ಏನನ್ನೂ ಕೇಳುವ ತ್ರಾಣ ಇರಲಿಲ್ಲ. ಈಗಲೂ ಅಷ್ಟೇ. ಕಣ್ಣು ಮುಚ್ಚಿದರೆ ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಎದ್ದು ಕೂರುತ್ತೇನೆ. ಇವರು "ಉಸಿರಾಡ್ತಿದೆ ಕಣೇ, ನಿನಗಿಂತ ಚೆನ್ನಾಗಿ ಉಸಿರಾಡ್ತಿದೆ, ಮಲ್ಕೋ" ಅನ್ನುತ್ತಾರೆ. ಈ ವಾರವಂತೂ ಆ ಅರೆನಿದ್ದೆಯೂ ಇಲ್ಲ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಕಳೆದ ವಾರ ಮಗುವನ್ನು ಎದೆಗೆ ಕಟ್ಟಿಕೊಂಡು, ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಹಳೆಯ ವಾದ್ಯಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ ಅದು. ಕನ್ನಡಕದಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಎಷ್ಟು ಕಿರಿದು ಎಂದರೆ ನಾವು ಮೂವರೂ, ನಾನು, ಮಗು, ಪೆಟ್ಟಿಗೆ, ಅಡ್ಡಡ್ಡವಾಗಿಯೇ ಹತ್ತಬೇಕಾಯಿತು. ಒಳಗೆಲ್ಲ ಮೆರುಗೆಣ್ಣೆಯ ವಾಸನೆ. ಗೋಡೆಯ ಮೇಲೆ ಕೊಳಲುಗಳು, ತಲೆಯಿಲ್ಲದ ಕೊಳಲುಗಳು, ಬರೀ ತಲೆಗಳು. ಅಂಗಡಿಯ ಒಡತಿ ನಿನ್ನ ವಯಸ್ಸಿನವರು. ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ನಾನು ಮನಸ್ಸಿನಲ್ಲೇ ಇಟ್ಟ ಹೆಸರು ಈಗ ಮನೆಯಲ್ಲೆಲ್ಲ ಚಾಲ್ತಿಗೆ ಬಂದಿದೆ.

ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಆಮೇಲೆಯೇ ಪೆಟ್ಟಿಗೆ ತೆರೆದರು. ಒಂದೊಂದೇ ತುಂಡನ್ನು ತೆಗೆದು ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿದರು. ನಾನು ಮಗುವನ್ನೂ ಅಷ್ಟು ನಾಜೂಕಾಗಿ ಮಲಗಿಸುವುದಿಲ್ಲ. ಹಳದಿ ಬಣ್ಣದ ಗಟ್ಟಿ ಮರ, ಬಾಕ್ಸ್‌ವುಡ್ ಅಂತಾರಂತೆ. ಬೆರಳಿನಿಂದ ಒತ್ತುವ ಹಿತ್ತಾಳೆಯ ಕೀಗಳು ಐದೇ ಐದು. ಈಗಿನ ಕ್ಲಾರಿನೆಟ್‌ಗಳಿಗೆ ಮೈತುಂಬ ಕೀಗಳಿರುತ್ತವೆ, ಇಷ್ಟು ಕಡಿಮೆ ಇದ್ದರೆ ತುಂಬ ಹಳೆಯದು ಎಂದರು. ಪ್ರತಿ ತುಂಡಿನ ಮೇಲೂ ಭೂತಗನ್ನಡಿ ಹಿಡಿದು ಮುದ್ರೆ ಹುಡುಕಿದರು. ಒಂದು ಪುಟ್ಟ ಹಕ್ಕಿ. ಎಲ್ಲದರ ಮೇಲೂ ಅದೇ ಹಕ್ಕಿ, ರೆಕ್ಕೆ ಅದೇ ರೀತಿ ಎತ್ತಿದ್ದು. ಅಂದರೆ ತುಂಡುಗಳೆಲ್ಲ ಒಡಹುಟ್ಟಿದವು, ಯಾವುದನ್ನೂ ಬೇರೆ ಕಡೆಯಿಂದ ತಂದು ಸೇರಿಸಿದ್ದಲ್ಲ. ಅವರ ಮುಖ ಅರಳಿತು. ಆಮೇಲೆ ಕೀಲುಗಳಲ್ಲಿರುವ ಬಿಳಿ ಉಂಗುರಗಳನ್ನು ನೋಡಿದರು.

"ಸದ್ಯ, ದಂತ ಅಲ್ಲ, ಮೂಳೆ. ದಂತ ಆಗಿದ್ರೆ ನಿಮ್ಮನ್ನೂ ನನ್ನನ್ನೂ ಪೊಲೀಸ್ನೋರು ಚಹಾಕ್ಕೆ ಕರೀತಿದ್ರು" ಅಂದರು.

ತುಂಡುಗಳು ಒಂದರೊಳಗೊಂದು ಕೂರುವ ಜಾಗಕ್ಕೆ ದಾರ ಸುತ್ತಿದೆಯಲ್ಲ, ಅದನ್ನು ಉಗುರಿನಿಂದ ಮೆಲ್ಲಗೆ ಕೆರೆದು ಮೂಸಿದರು. "ಹೊಲಿಗೆ ದಾರ. ಮೇಣದಬತ್ತಿ ಉಜ್ಜಿ ಸುತ್ತಿದ್ದಾರೆ. ಒಂದೆಳೆ ಮೇಲೆ ಒಂದೆಳೆ ಹತ್ತಿಲ್ಲ ನೋಡಿ, ಯಾರೋ ಕೈ ಪಳಗಿದೋರು" ಅಂದರು. ಗುಂಡಿಯ ಕಾಜಾ ಹೊಲಿಯುವಾಗ ದಾರವನ್ನು ಮೇಣದಬತ್ತಿಗೆ ಎಳೆದುಕೊಳ್ಳುವವರು ಒಬ್ಬರನ್ನು ನಾನು ಬಲ್ಲೆ. ಆದರೆ ಆಗ ನನ್ನ ತಲೆಗೆ ಹೊಳೆಯಲಿಲ್ಲ ಅಮ್ಮ. ಮಗು ನನ್ನ ಕುಪ್ಪಸದ ಭುಜ ಸರಿಸಿ ನನ್ನ ಚಿಕ್ಕಂದಿನ ಆ ಸುಟ್ಟ ಕಲೆಯನ್ನು ಕೆರೆಯುತ್ತಿತ್ತು. ಅದಕ್ಕೆ ಅದೊಂದು ಆಟ. ಬೇರೆ ಕಡೆ ನುಣುಪು, ಅಲ್ಲಿ ಮಾತ್ರ ಸುಕ್ಕು.

ಅಲ್ಲಿಯತನಕ ಮದುವೆ ಮನೆಯಂತಿದ್ದ ಮುಖ ಇದ್ದಕ್ಕಿದ್ದಂತೆ ಗಂಟಿಕ್ಕಿತು. ಕೆಳಗಿನ ತುಂಡನ್ನು ದೀಪಕ್ಕೆ ಹಿಡಿದರು. ತಿರುಗಿಸಿದರು. ಮತ್ತೆ ಹಿಡಿದರು.

"ಅಯ್ಯೋ, ಇದನ್ಯಾರಮ್ಮಾ ಮಾಡಿದ್ದು?"

ಬಲಗೈಯ ಕಿರುಬೆರಳಿಗೆಂದು ಕೊನೆಯಲ್ಲಿ ಒಂದು ರಂಧ್ರವಿರುತ್ತದೆ. ವಾದ್ಯ ಮಾಡಿದವನು ಕೊರೆದ ಆ ರಂಧ್ರಕ್ಕೆ ಮರದ ಬಿರಡೆ ಜಡಿದು, ಮೈಗೆ ಸಮವಾಗಿ ಉಜ್ಜಿ ಮುಚ್ಚಿದ್ದಾರೆ. ಅದರ ಬದಲಿಗೆ ಸ್ವಲ್ಪ ಮೇಲೆ, ಉಂಗುರ ಬೆರಳಿನ ಕಡೆಗೆ ವಾಲಿಸಿ, ಹೊಸದೊಂದನ್ನು ಕೊರೆದಿದ್ದಾರೆ. ಹೊಸದು ಹಳೆಯದಕ್ಕಿಂತ ಚಿಕ್ಕದು. ಮೇಲೆ ಕೊರೆದರೆ ಸ್ವರ ಏರಿಬಿಡುತ್ತದಂತೆ, ರಂಧ್ರ ಚಿಕ್ಕದಾದರೆ ಇಳಿಯುತ್ತದಂತೆ. ಎರಡೂ ಗೊತ್ತಿದ್ದವರ ಕೆಲಸ ಎಂದರು. "ಹಾಳು ಮಾಡೋಕೆ ಮಾಡಿದ್ದಲ್ಲ ಇದು. ತುಂಬ ಯೋಚನೆ ಮಾಡಿ ಮಾಡಿದ್ದು. ಅದೇ ಹೊಟ್ಟೆ ಉರಿಯೋದು. ಹಾಳು ಮಾಡಿದ್ದಿದ್ರೆ ಬೈದಾದ್ರೂ ಬೈಬಹುದಿತ್ತು!"

ತಮ್ಮ ಕಿರುಬೆರಳು ಇಟ್ಟು ನೋಡಿದರು. ಆಗಲಿಲ್ಲ. ನನಗೂ ಇಡಲು ಹೇಳಿದರು. ನನ್ನದೂ ಆಗಲಿಲ್ಲ. ನನ್ನ ಬೆರಳು ಅಪ್ಪನ ಬೆರಳು, ನೆಟ್ಟಗೆ. ನೆಟ್ಟಗಿರುವ ಬೆರಳು ಆ ರಂಧ್ರವನ್ನು ದಾಟಿ ಹೋಗಿಬಿಡುತ್ತದೆ.

ಬೆಲೆಯ ಮಾತು ಬಂತು. ಹೀಗೆಯೇ ಇದ್ದರೆ ಕಾಲುಭಾಗವೂ ಸಿಗುವುದಿಲ್ಲ. ಒಬ್ಬ ಸಂಗ್ರಹಕಾರರಿದ್ದಾರೆ, ಈ ಹಕ್ಕಿಯ ಮುದ್ರೆಗಾಗಿ ವರ್ಷಗಳಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರಂತೆ. ಅವರಿಗೆ ಬೇಕಾದದ್ದು ಹುಟ್ಟಿದ ರೂಪ. ಬಿರಡೆಯನ್ನು ಕೊರೆದು ತೆಗೆದು ಹಳೆಯ ರಂಧ್ರವನ್ನು ತೆರೆದು, ಹೊಸದಾಗಿ ಕೊರೆದದ್ದನ್ನು ಗುರುತೇ ಸಿಗದಂತೆ ಮುಚ್ಚಿದರೆ ಪೂರ್ತಿ ಬೆಲೆ. "ಯಾರ ಹೆಸರಲ್ಲಿದೆಯೋ ಅವರು ಒಂದು ಮಾತು ಹೇಳ್ಬೇಕು. ಒಂದು ಸಲ ಮುಚ್ಚಿದ ಮೇಲೆ, ಅಯ್ಯೋ ಬೇಕಿತ್ತು ಅಂದ್ರೆ ಬರಲ್ಲ" ಎಂದರು. ನಿನ್ನ ನಂಬರು ಕೊಟ್ಟು, ಪೆಟ್ಟಿಗೆಯನ್ನು ಮನೆಗೇ ವಾಪಸ್ ತಂದೆ.

ಇಷ್ಟನ್ನು ನಾನು ಫೋನಿನಲ್ಲಿ ನಿನಗೆ ಹೇಳಿದ್ದೆ. ಎಂದಿನಂತೆ ನೀನು ಮೊದಲು ಕೇಳಿದ್ದು, "ಮಗು ಎಲ್ಲಿ? ಕಣ್ಣೆದುರಿಗೇ ಇದ್ಯಾ? ಬಾಗಿಲು ಹಾಕಿಲ್ಲ ತಾನೇ?" ಆಮೇಲೆ ಬಿರಡೆಯ ಸುದ್ದಿ ಹೇಳಿದೆ. ಆ ಕಡೆ ನಿನ್ನ ಹೊಲಿಗೆ ಮಷಿನ್ನು ನಿಂತಿತು. ಕೊನೆಗೆ "ಮುಚ್ಚಿಸಿಬಿಡು" ಅಂದೆ. ಅಷ್ಟೇ. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಒಂದು ಪ್ರಶ್ನೆಯೂ ಇಲ್ಲ. ಮೂರು ಕಾಸಿನ ಗುಂಡಿಯ ಬಣ್ಣ ಸ್ವಲ್ಪ ಹೊಂದದಿದ್ದರೂ ಅಂಗಡಿಯವನಿಗೆ ಹತ್ತು ಪ್ರಶ್ನೆ ಹಾಕುವವಳು ನೀನು.

ಮಗು ಎದ್ದಿತ್ತು. ಬಟ್ಟೆ ಬದಲಾಯಿಸಿ, ತೂಗಿ, ಮತ್ತೆ ಮಲಗಿಸಿದ್ದೇನೆ. ಈಗ ಸಂಜೆಯ ಬಿಸಿಲು ತಟ್ಟೆಯ ಅಂಚಿಗೆ ಬಂದಿದೆ. ಎಲ್ಲಿದ್ದೆ?

ಬೆರಳಿನ ವಿಷಯ. ಮಗುವಿನ ಎರಡೂ ಕಿರುಬೆರಳುಗಳು ಗಿಡ್ಡಗಿದ್ದು, ಪಕ್ಕದ ಬೆರಳಿನ ಕಡೆಗೆ ಬಾಗಿವೆ ಎಂದು ಹುಟ್ಟಿದಾಗಿನಿಂದ ನನಗೊಂದು ಕೊರಗು. ನಿನಗೆ ಹೇಳಿರಲಿಲ್ಲ. ಮೊಬೈಲಿನಲ್ಲಿ ಓದಿ ಓದಿ ಪ್ರಪಂಚದಲ್ಲಿರುವ ರೋಗಗಳನ್ನೆಲ್ಲ ಆ ಎರಡು ಬೆರಳಿಗೆ ಅಂಟಿಸಿದ್ದೆ. ಹೋದ ತಿಂಗಳು ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ಕೈ ಹಿಡಿದು ನೋಡಿ, "ಮನೇಲಿ ಬೇರೆ ಯಾರಿಗಾದ್ರೂ ಹೀಗಿದ್ಯಾ?" ಎಂದು ಕೇಳಿದರು. ಇಲ್ಲ ಅಂದೆ. ನಮ್ಮಮ್ಮನದು ಹೀಗೇ ಇದೆ, ಆದರೆ ಅದು ಬಾಗಿಲ ಸಂದಿಗೆ ಸಿಕ್ಕಿ ಆಗಿದ್ದು ಅಂದೆ.

"ಯಾವ ಕೈದು?"

"ಎರಡೂ ಕೈದು."

"ಎರಡೂ ಕೈ ಒಂದೇ ಸಲ ಬಾಗಿಲಿಗೆ ಕೊಟ್ರಾ ನಿಮ್ಮಮ್ಮ?" ಎಂದು ನಕ್ಕುಬಿಟ್ಟರು. ಇದು ಕಾಯಿಲೆಯಲ್ಲ, ವಂಶದಲ್ಲಿ ಬರುವ ಗುರುತು, ಅಜ್ಜಿ ಕೊಟ್ಟಿದ್ದನ್ನು ಮೊಮ್ಮಗಳು ಇಸ್ಕೊಂಡಿದ್ದಾಳೆ ಅಷ್ಟೇ ಎಂದರು. ಸಮಾಧಾನದಲ್ಲಿ ಕಣ್ಣೀರೇ ಬಂತು. ಇಷ್ಟು ವರ್ಷ ನಾನು ಆ ಬಾಗಿಲನ್ನು ನಂಬಿಕೊಂಡು ಬಂದಿದ್ದೆನಲ್ಲ ಎಂದು ಮನೆಗೆ ಬಂದ ಮೇಲೆ ನಗುವೂ ಬಂತು. ಸೂಜಿ ಹಿಡಿದಾಗ ಆ ಬೆರಳನ್ನು ಅಂಗೈಯೊಳಗೆ ಮಡಚಿಕೊಳ್ಳುತ್ತೀಯಲ್ಲ, ಯಾರ ಕಣ್ಣಿಗೂ ಬೀಳಬಾರದು ಎನ್ನುವಂತೆ. ನಾಚಿಕೆ ಇರಬೇಕು ಅಂದುಕೊಂಡೆ. ಹುಟ್ಟಿನಿಂದ ಬಂದದ್ದಕ್ಕೆ ಯಾರಾದರೂ ಬಾಗಿಲಿನ ಮೇಲೆ ತಪ್ಪು ಹೊರಿಸುತ್ತಾರೆಯೇ? ಯಾವ ಬಾಗಿಲಮ್ಮ ಅದು?

ಈ ಬುಧವಾರ ಪೆಟ್ಟಿಗೆ ತೆರೆದು ತುಂಡುಗಳನ್ನು ಒಂದಕ್ಕೊಂದು ಕೂಡಿಸಿದೆ. ಸುಮ್ಮನೆ, ಮರುದಿನ ಅಂಗಡಿಗೆ ಕೊಟ್ಟುಬಿಡುತ್ತೇನಲ್ಲ, ಒಂದು ಸಲ ಪೂರ್ತಿ ನೋಡೋಣ ಎಂದು. ಬಾಯಿಗೆ ಇಟ್ಟುಕೊಳ್ಳಲಿಲ್ಲ, ಬೆರಳುಗಳನ್ನು ಮಾತ್ರ ಇಟ್ಟೆ. ಕಿರುಬೆರಳು ಹೊಂದಲಿಲ್ಲ. ಬಲವಂತವಾಗಿ ಮಡಚಿ, ಗಿಡ್ಡ ಮಾಡಿ, ಒಳಕ್ಕೆ ವಾಲಿಸಿದಾಗ ರಂಧ್ರ ಸರಿಯಾಗಿ ಬೆರಳ ತುದಿಯ ಕೆಳಗೆ ಬಂತು. ನೋಡಿದರೆ, ಅದು ಮಗುವಿನ ಬೆರಳಿನ ಆಕಾರ. ನಿನ್ನ ಬೆರಳಿನ ಆಕಾರ.

ಆದರೂ ನಾನು ನನಗೇ ಸಮಾಧಾನ ಹೇಳಿಕೊಂಡೆ. ಅಪ್ಪನ ತಾತನಿಗೋ ಇನ್ಯಾರಿಗೋ ಅಂಥದೇ ಬೆರಳಿದ್ದಿರಬಹುದು. ವಾದ್ಯ ಅಪ್ಪನದು, ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ವರ್ಷಕ್ಕೊಂದು ಸಲ ತಮ್ಮ ಮರ ತಿರುವುವ ಲೇತ್‌ಗೆ ರಜೆ ಕೊಟ್ಟು, ಮೊಗಸಾಲೆಯಲ್ಲಿ ಕೂತು, ಕೋಳಿ ಗರಿಯನ್ನು ಬಾದಾಮಿ ಎಣ್ಣೆಯಲ್ಲಿ ಅದ್ದಿ ಅದರ ಒಳಗೆಲ್ಲ ಆಡಿಸುತ್ತಿದ್ದವರು ಅಪ್ಪ. ಆ ದಿನ ನೀನು ಟೆರೇಸಿಗೆ ಹೋಗಿಬಿಡುತ್ತಿದ್ದೆ. ಎಣ್ಣೆ ವಾಸನೆಗೆ ತಲೆನೋವು ಅನ್ನುತ್ತಿದ್ದೆ. ಬಾದಾಮಿ ಎಣ್ಣೆಗೆ ವಾಸನೆಯೇ ಇಲ್ಲವಮ್ಮ, ಮಗುವಿಗೆ ದಿನಾ ಹಚ್ಚುತ್ತಿದ್ದೇನೆ. "ಊದಿ ತೋರಿಸಪ್ಪಾ" ಎಂದು ಪೀಡಿಸಿದರೆ ಅಪ್ಪ "ನನ್ನ ಉಸಿರು ಸಾಲದು ಮಗಳೇ" ಅನ್ನುತ್ತಿದ್ದರು. ವಯಸ್ಸಾಯಿತು, ಎಂದೋ ಊದುತ್ತಿದ್ದರು ಎಂದು ತಿಳಿದುಕೊಂಡೆ. ಈಗ ಯೋಚಿಸಿದರೆ, ತಾನು ಎಂದಾದರೂ ಊದಿದ್ದೇನೆ ಎಂದು ಅವರು ಒಂದು ಸಲವೂ ಹೇಳಿರಲಿಲ್ಲ. ನಾವೇ ಕಟ್ಟಿಕೊಂಡ ಕಥೆ ಅದು. ಎಣ್ಣೆ ಹಾಕುವವರು ಅವರು, ಹಾಗಾಗಿ ಊದುವವರೂ ಅವರೇ.

ನಿನ್ನೆ ಅಂಗಡಿಗೆ ಹೋಗಿ ಒಪ್ಪಿಸಿದೆ. ಮೇಡಂ ಬಿರಡೆಗೆ ದೀಪ ಹಿಡಿದು ನನಗೂ ಭೂತಗನ್ನಡಿಯಲ್ಲಿ ತೋರಿಸಿದರು. ಮರ ಅದೇ ಜಾತಿಯದು, ಆದರೆ ಮೆರುಗು ಬೇರೆ. ಲೇತ್‌ನಲ್ಲಿ ತಿರುವಿದ ಗೀರುಗಳಿವೆ. "ಈ ಮರ ಮನೆಗಳಲ್ಲಿ ಸುಲಭಕ್ಕೆ ಸಿಗಲ್ಲ. ಹಳೇ ಅಳತೆಪಟ್ಟಿ, ಇಲ್ಲಾಂದ್ರೆ ಚೆಸ್ ಕಾಯಿ. ಇದು ಕಾಯಿಯಿಂದ ತೆಗೆದಿದ್ದು ಅಂತ ನನ್ನ ಅಂದಾಜು" ಅಂದರು.

ನಮ್ಮ ಚೆಸ್ ಹಲಗೆಯಲ್ಲಿ ಒಂದು ಬಿಳಿ ಪದಾತಿ ಇರಲಿಲ್ಲ ಅಮ್ಮ. ಅದರ ಜಾಗದಲ್ಲಿ ನಿನ್ನ ಡಬ್ಬಿಯ ಕೋಟಿನ ಗುಂಡಿ ಇಟ್ಟು ಆಡುತ್ತಿದ್ದೆವು. ಎಲ್ಲಿ ಹೋಯಿತಪ್ಪಾ ಎಂದು ಕೇಳಿದಾಗಲೆಲ್ಲ ಅಪ್ಪ, "ಇಲಿ ಎತ್ಕೊಂಡು ಹೋಯ್ತು. ಅದಕ್ಕೂ ಸೈನ್ಯ ಕಟ್ಬೇಕಂತೆ" ಅನ್ನುತ್ತಿದ್ದರು. ಹೇಳಿ ನಿನ್ನ ಕಡೆ ನೋಡುತ್ತಿದ್ದರು. ನೀನು ಬೇರೆ ಕಡೆ ನೋಡುತ್ತಿದ್ದೆ. ಅಂಗಡಿಯಲ್ಲಿ ನಿಂತು ಆ ಇಲಿ ಯಾರು ಎಂದು ನನಗೆ ಗೊತ್ತಾಯಿತು. ಮೇಜಿನ ಕಾಲು ತಿರುವುವ ಮನುಷ್ಯ, ಊದಲು ಬಾರದವರು, ಸ್ವರ ಏರುವುದು ಇಳಿಯುವುದು ಅಪ್ಪನಿಗೆ ಹೇಗೆ ತಿಳಿಯಿತು? ಯಾರೋ ಊದಿ, ಇಲ್ಲ ಇನ್ನೂ ಏರಿದೆ, ಇನ್ನೂ ಸ್ವಲ್ಪ ಇಳಿಸಿ ಎಂದು ಪಕ್ಕದಲ್ಲಿ ಕೂತು ಹೇಳಿರಬೇಕಲ್ಲ.

ನಾನು ಇಷ್ಟು ಯೋಚಿಸುತ್ತ ನಿಂತಿರುವಾಗ ಮೇಡಂ ತಟ್ಟನೆ ಕೇಳಿದರು. "ನಿಮ್ಮ ತಾಯಿ ಏನು ನುಡಿಸ್ತಾರೆ?"

"ಹೊಲಿಗೆ ಮಷಿನ್ನು" ಅಂದೆ.

"ಹಾಗಾದ್ರೆ ಮೊನ್ನೆ ನನ್ನ ಹತ್ರ ಫೋನಲ್ಲಿ ಮಾತಾಡಿದ್ದು ಯಾರಮ್ಮಾ?"

ನೀನು ಮೊನ್ನೆ ಅವರಿಗೆ ಒಪ್ಪಿಗೆ ಹೇಳಿದೆಯಂತೆ. ಮುಚ್ಚಿ, ಬೇಗ ಮುಚ್ಚಿ ಎಂದೆಯಂತೆ. ಅಷ್ಟಕ್ಕೇ ಫೋನು ಇಟ್ಟಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲವೇನೋ. ಆದರೆ ಇಡುವ ಮುಂಚೆ ನಿನ್ನಿಂದ ತಡೆಯಲಾಗಲಿಲ್ಲ. "ಆ ಚಿಕ್ಕ ರಂಧ್ರದ ಸ್ವರ ಯಾವಾಗ್ಲೂ ಸ್ವಲ್ಪ ಮುಸುಕಾಗೇ ಬರ್ತಿತ್ತು, ತುಟಿ ಬಿಗಿ ಹಿಡಿದು ಎತ್ತಬೇಕಿತ್ತು. ಹಳೇದನ್ನ ತೆರೆದ್ರೆ ಅದು ಬಿಚ್ಚಿಕೊಳ್ಳುತ್ತೆ, ಅಲ್ವಾ?" ಎಂದೆಯಂತೆ. ಮೇಡಂ ನಿನ್ನ ಮಾತನ್ನು ನಿನ್ನ ಧಾಟಿಯಲ್ಲೇ ಹೇಳಿದರು. ಆಮೇಲೆ ಅಂದರು, "ಅದು ಮುಸುಕಾಗಿ ಬರುತ್ತೆ ಅಂತ ನನಗೇ ಗೊತ್ತಿಲ್ಲ. ನಾನಿನ್ನೂ ಊದಿಲ್ಲ. ಇಷ್ಟು ವರ್ಷ ಒಣಗಿ ಮಲಗಿರೋ ಮರಕ್ಕೆ ತಟಕ್ಕನೆ ಉಸಿರು ಹಾಕಿದ್ರೆ ಸೀಳಿಬಿಡುತ್ತೆ. ಈ ಸ್ವರ ಕೇಳಿರೋದು ಊದಿದೋರು ಮಾತ್ರ."

ನಾನು ಅಲ್ಲಿಯೇ, ಮೆಟ್ಟಿಲ ಬಳಿ, ಮಗುವನ್ನು ಎತ್ತಿಕೊಂಡು ನಿಂತುಬಿಟ್ಟೆ. ಕೊರೆಯಬೇಡಿ ಎಂದೆ. ಅವರು, "ನೀವು ಹೇಳಿದ್ರೆ ಆಗಲ್ಲಮ್ಮ. ಅವರು ಹೂಂ ಅಂದಿದ್ದಾರೆ, ನಾನು ಆ ಸಂಗ್ರಹಕಾರರಿಗೂ ಹೂಂ ಅಂದಿದ್ದೀನಿ. ಸೋಮವಾರ ಅಂಗಡಿ ತೆಗೆಯೋತನಕ ಕಾಯ್ತೀನಿ. ಅವರೇ ಫೋನ್ ಮಾಡಿ ಬೇಡ ಅಂದ್ರೆ ಬಿಡ್ತೀನಿ" ಎಂದರು. ನಿಜ ಹೇಳಬೇಕೆಂದರೆ ಅವರಿಗೂ ಕೈ ಬರುತ್ತಿಲ್ಲ. ಬಿರಡೆಯ ಮೇಲೆ ಹೆಬ್ಬೆರಳು ಆಡಿಸುತ್ತಲೇ ಇದ್ದರು.

ನಿನ್ನೆ ಸಂಜೆ ನಿನಗೆ ಫೋನ್ ಮಾಡಿದೆ. ನೀನು ನುಡಿಸುತ್ತಿದ್ದೆಯಾ ಎಂದು ನೆಟ್ಟಗೆ ಕೇಳಿದೆ. "ಯಾರೋ ಅಂದಿದ್ದನ್ನ ನಾನೂ ಅಂದೆ. ಮಗು ಅಳ್ತಿದೆ, ಇಡು" ಅಂದೆ.

ಅಮ್ಮ, ನನಗೆ ಬೆಲೆ ಬೇಡ ಎಂದಲ್ಲ. ಯಾರಿಗೆ ಬೇಡ? ಆದರೆ ಆ ಸಂಗ್ರಹಕಾರರು ತಮ್ಮ ಗಾಜಿನ ಕಪಾಟಿನಲ್ಲಿ ಇಡುವುದು ಹಕ್ಕಿಯ ಮುದ್ರೆಯನ್ನು. ನನಗೆ ಬೇಕಾದದ್ದು ಅವರು ಅಳಿಸಬೇಕೆನ್ನುತ್ತಿರುವ ಆ ಪುಟ್ಟ ರಂಧ್ರ. ನೀನು ಬರೀ ಹೊಲಿದವಳಲ್ಲ ಎನ್ನುವುದಕ್ಕೆ ಈ ಪ್ರಪಂಚದಲ್ಲಿ ಉಳಿದಿರುವುದು ಅದೊಂದೇ. ಫೋಟೋ ಇಲ್ಲ, ಯಾರ ಬಾಯಲ್ಲೂ ಮಾತಿಲ್ಲ, ಅಪ್ಪನೂ ಇಲ್ಲ. ಸೋಮವಾರ ಅದೂ ಹೋದರೆ, ನಾಳೆ ಮಗು ತನ್ನ ಬೆರಳನ್ನು ತೋರಿಸಿ ಇದು ಯಾಕಮ್ಮಾ ಹೀಗಿದೆ ಎಂದು ಕೇಳಿದಾಗ ನಾನೂ ಒಂದು ಬಾಗಿಲಿನ ಕಥೆ ಹೇಳಬೇಕಾಗುತ್ತದೆ.

ನಿನಗೆ ಯಾರು ಕಲಿಸಿದರು? ಏನು ನುಡಿಸುತ್ತಿದ್ದೆ? ಅಪ್ಪ ಅದನ್ನು ಕೊರೆದ ದಿನ ನೀನು ನಕ್ಕೆಯಾ? ಇವನ್ನೆಲ್ಲ ಕೇಳಬೇಕು. ಯಾಕೆ ಬಿಟ್ಟೆ ಎಂದು ಮಾತ್ರ ಕೇಳುವುದಿಲ್ಲ.

ಸೋಮವಾರ ಅಂಗಡಿ ತೆರೆಯುವ ಮುಂಚೆ ಫೋನ್ ಮಾಡು. ನನಗಲ್ಲ, ಅವರಿಗೆ. ಬೇಡ ಅನ್ನು, ಸಾಕು. ಕಾರಣ ಹೇಳುವ ಅಗತ್ಯವಿಲ್ಲ.

ತಟ್ಟೆ ಕಾಲಿಗೆ ಒತ್ತುತ್ತಿದೆ, ಬೆರಳುಗಳು ಜೋಮು ಹಿಡಿದಿವೆ. ಕೊರಿಯರ್ ಅಂಗಡಿ ಮುಚ್ಚುವ ಹೊತ್ತಾಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಹೊಲಿಯುವಾಗ ದೀಪ ಹಾಕಿಕೋ.

ನಿನ್ನ ಜಗಳಗಂಟಿ ಮಗಳು,
ಪುಟ್ಟಿ

ಮರೆತ ಮಾತು: ಮರೆತದ್ದಲ್ಲ, ಇಲ್ಲಿಯ ತನಕ ಮುಂದೂಡಿದ್ದು. ಬುಧವಾರ ನಾನು ಆ ವಾದ್ಯವನ್ನು ಕೂಡಿಸಿ, ಕಿರುಬೆರಳು ಮಡಚಿ ಮಡಚಿ ನೋಡುತ್ತಿದ್ದೆನಲ್ಲ, ಆಗ ಮಗು ಮಂಚದಿಂದ ಬಿತ್ತು. ನಾನು ಅದೇ ಕೋಣೆಯಲ್ಲಿದ್ದೆ, ಬೆನ್ನು ಹಾಕಿ ಕೂತಿದ್ದೆ. ಅದು ಮಗುಚಲು ಕಲಿತಿದೆ ಎಂದು ನನಗೆ ಗೊತ್ತಿರಲಿಲ್ಲ. ಹಣೆ ಊದಿ ಒಂದು ಬೋರೆ ಎದ್ದಿತ್ತು, ಈಗ ಇಳಿದಿದೆ. ಡಾಕ್ಟರು ನೋಡಿದ್ದಾರೆ, ಏನೂ ಇಲ್ಲ ಎಂದಿದ್ದಾರೆ. ಹೆದರಬೇಡ. ನನಗೆ ಆವತ್ತಿನಿಂದ ನಿದ್ದೆ ಇಲ್ಲ.

ಡಾಕ್ಟರು ಹೇಗಾಯಿತು ಎಂದು ಕೇಳಿದಾಗ ಇವರು "ನನ್ನ ಕೈಯಿಂದ ಜಾರ್ತು" ಅಂದುಬಿಟ್ಟರು. ಅವರಮ್ಮನಿಗೂ ಹಾಗೇ ಹೇಳಿದರು, ಪಕ್ಕದ ಮನೆಯವರಿಗೂ ಹಾಗೇ. ಮಗು ಬಿದ್ದಾಗ ಇವರು ಮನೆಯಲ್ಲೇ ಇರಲಿಲ್ಲ ಅಮ್ಮ, ಕೆಲಸದಲ್ಲಿದ್ದರು. ಇವರು ಸುಳ್ಳು ಹೇಳುವಾಗಿನ ಆ ನಗು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನನ್ನ ಭುಜದ ಕಲೆಯನ್ನು ಯಾರಾದರೂ ಕೇಳಿದಾಗ ಅಪ್ಪ ಹೀಗೇ ನಗುತ್ತಿದ್ದರು. "ನಾನೇ, ನಾನೇ ಕೆಟಲ್ ಉರುಳಿಸಿದ್ದು, ಅಡ್ನಾಡಿ ಕೈ ನಂದು" ಅನ್ನುತ್ತಿದ್ದರು. ಲೇತ್‌ನಲ್ಲಿ ಕೂದಲೆಳೆ ತಪ್ಪದ ಕೈ ಅದು. ಅವರು ಹಾಗೆ ಹೇಳುವಾಗ ನೀನು ಎದ್ದು ಒಳಗೆ ಹೋಗುತ್ತಿದ್ದೆ. ಆ ಕೆಟಲ್ ಬಿದ್ದಾಗ ಅಪ್ಪ ಎಲ್ಲಿದ್ದರು, ನೀನು ಯಾವ ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದೆ ಎಂದು ನಾನು ಇನ್ನು ಕೇಳಬೇಕಾಗಿಲ್ಲ. ನಿನಗೆ ಫೋನಿನಲ್ಲಿ ಕೇಳಿಸುವ ಅಳು ಯಾವುದು ಎಂದೂ ಗೊತ್ತಾಯಿತು.

ಕಲೆ ನೋಯುವುದಿಲ್ಲ ಅಮ್ಮ. ಎಂದೂ ನೋಯಲಿಲ್ಲ. ಮಗುವಿಗೆ ಅದೊಂದು ಆಟದ ಸಾಮಾನು.

ಸೋಮವಾರ ಫೋನ್ ಮಾಡಿದ ಮೇಲೆ ಬಸ್ಸು ಹತ್ತು. ನಿನ್ನ ಡಬ್ಬಿಯ ಆ ಕೋಟಿನ ಗುಂಡಿಯನ್ನೂ ತಾ. ಒಣಗಿದ ಮರಕ್ಕೆ ದಿನಾ ಸ್ವಲ್ಪ ಸ್ವಲ್ಪವೇ ಉಸಿರು ಕೊಟ್ಟು ಪಳಗಿಸಬೇಕಂತೆ, ಮೇಡಂ ಹೇಳಿದರು. ನೀನು ಊದುವಷ್ಟು ಹೊತ್ತೂ ಬಾಗಿಲು ತೆರೆದೇ ಇರುತ್ತದೆ, ಮಗು ನನ್ನ ಕೈಯಲ್ಲಿರುತ್ತದೆ.